ಹೊಸ್ತಿಲಲ್ಲೇ ನಿಂತು ಕೆಲಸಮಾಡುವ ಹಾರ್ಮೋನು

ಪ್ರೊಜೆಸ್ಟರೋನ್ ಎಂದೊಡನೆ ನಮಗೆ ನೆನಪಾಗುವುದು ಗರ್ಭಧಾರಣೆ. ಅಂಡಾಶಯದಲ್ಲಿ ಹುಟ್ಟಿ, ಭ್ರೂಣದ ಬೆಳವಣಿಗೆಗೆ ಗರ್ಭಕೋಶವನ್ನು ಅಣಿಗೊಳಿಸುವುದು ಅದರ ಕೆಲಸವೆಂದು ನಾವು ಓದಿರುತ್ತೇವೆ. ಆದರೆ 1941ರಲ್ಲಿ ಮಾಂಟ್ರಿಯಲ್ ನಗರದ ವಿಜ್ಞಾನಿ ಹಾನ್ಸ್ ಸೆಲ್ಯೆ ಇದನ್ನು ಹೆಚ್ಚಿನ ಪ್ರಮಾಣದಲ್ಲಿ ಇಲಿಗಳಿಗೆ ಚುಚ್ಚಿದಾಗ, ಅವು ಸ್ವಲ್ಪ ಹೊತ್ತಿನಲ್ಲಿಯೇ ಅರಿವಳಿಕೆ ಕೊಟ್ಟಂತೆ ಮಲಗಿಬಿಟ್ಟವು. ಗರ್ಭಕೋಶದ ಹಾರ್ಮೋನಿಗೂ ಮಿದುಳಿಗೂ ಎಲ್ಲಿಯ ನಂಟು? ಅದೂ ಇಷ್ಟು ಬೇಗ?

ಈ ಬೇಗವೇ ಇಲ್ಲಿ ಮುಖ್ಯವಾದ ಸುಳಿವು. ಪ್ರೊಜೆಸ್ಟರೋನ್ ಕೊಬ್ಬಿನಲ್ಲಿ ಕರಗುವ ಸ್ಟೀರಾಯ್ಡ್ ವಸ್ತು. ಆದ್ದರಿಂದ ಅದು ಕೋಶಪೊರೆಯನ್ನು ಸುಲಭವಾಗಿ ದಾಟಿ, ಒಳಗಿರುವ ಗ್ರಾಹಕ ಪ್ರೋಟೀನಿನೊಡನೆ ಕೂಡಿಕೊಳ್ಳುತ್ತದೆ. ಈ ಜೋಡಿ ಕೋಶಕೇಂದ್ರದ ಜೀನುಗಳನ್ನು ಚೋದಿಸುತ್ತದೆ. ಅನಂತರ ಹೊಸ ಪ್ರೋಟೀನುಗಳು ತಯಾರಾಗುತ್ತವೆ. ಇಷ್ಟಾಗಲು ಗಂಟೆಗಳೇ ಬೇಕು. ಕೆಲವೇ ನಿಮಿಷಗಳಲ್ಲಿ ತೋರುವ ಪರಿಣಾಮಕ್ಕೆ ಬೇರೊಂದು ದಾರಿ ಇರಲೇಬೇಕು.

ನಡುಮನೆಗೆ ಬಂದು ಯಜಮಾನನೊಡನೆ ಮಾತನಾಡುವ ನೆಂಟನಿರುವಂತೆ, ಹೊಸ್ತಿಲಲ್ಲೇ ನಿಂತು ಸುದ್ದಿ ಮುಟ್ಟಿಸಿ ಹೋಗುವ ದೂತನೂ ಉಂಟಷ್ಟೆ. 2003ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಪೀಟರ್ ಥಾಮಸ್ ಮತ್ತು ಅವರ ಸಂಗಡಿಗರು ಒಂದು ಜಾತಿಯ ಕಡಲಮೀನಿನ ಅಂಡಾಶಯದಲ್ಲಿ ಅಂತಹ ಹೊಸ್ತಿಲಿನ ಗ್ರಾಹಕವನ್ನು ಗುರುತಿಸಿದರು. ಇದು ಕೋಶಪೊರೆಯಲ್ಲಿಯೇ ನೆಲೆಸಿರುವ ಪ್ರೋಟೀನು. ಮಾನವನಲ್ಲಿ ಈ ಕುಟುಂಬದ ಐದು ಸದಸ್ಯರಿವೆ. ಮಿದುಳು, ರಕ್ತನಾಳ, ರೋಗನಿರೋಧಕ ಕೋಶಗಳಲ್ಲಿಯೂ ಇವು ಕಂಡುಬಂದಿವೆ. ಗಂಡಸರ ದೇಹವೂ ಇದಕ್ಕೆ ಹೊರತಲ್ಲ; ಪ್ರೊಜೆಸ್ಟರೋನ್ ಅಡ್ರಿನಲ್ ಗ್ರಂಥಿಯಲ್ಲಿಯೂ ಮಿದುಳಿನಲ್ಲಿಯೂ ತಯಾರಾಗುತ್ತದೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ರಕ್ತನಾಳದ ಒಳಪದರದ ಕೋಶಗಳು, ಈ ಗ್ರಾಹಕದ ಮೂಲಕ ಸುದ್ದಿ ಪಡೆದು ನೈಟ್ರಿಕ್ ಆಕ್ಸೈಡನ್ನು ಹೊರಬಿಡುತ್ತವೆ. ಈ ಅನಿಲ ರಕ್ತನಾಳದ ಸ್ನಾಯುಗಳನ್ನು ಸಡಿಲಿಸಬಲ್ಲದು.

ಇನ್ನು ಸೆಲ್ಯೆಯ ಇಲಿಗಳ ಒಗಟು. ದೇಹದಲ್ಲಿ ಪ್ರೊಜೆಸ್ಟರೋನಿನ ಒಂದು ಭಾಗ ಅಲೋಪ್ರೆಗ್ನನೊಲೋನ್ ಎಂಬ ವಸ್ತುವಾಗಿ ಮಾರ್ಪಡುತ್ತದೆ. ನರಕೋಶದ ಪೊರೆಯ ಮೇಲಿರುವ 'ಗಾಬಾ' ಗ್ರಾಹಕಕ್ಕೆ ಇದು ಅಂಟಿಕೊಂಡು, ಕ್ಲೋರೈಡ್ ಅಯಾನುಗಳು ಒಳಹೋಗುವ ಬಾಗಿಲನ್ನು ಇನ್ನಷ್ಟು ತೆರೆಯಿಸುತ್ತದೆ. ಆಗ ನರಕೋಶದ ಉದ್ರೇಕ ತಗ್ಗುತ್ತದೆ. ಪ್ರಾಣಿ ಮಂಪರಿಗೆ ಜಾರುತ್ತದೆ.

ಈ ಅರಿವಿನಿಂದ ಚಿಕಿತ್ಸೆಗೆ ಪ್ರಯೋಜನವಾಯಿತೆ? ತಲೆಗೆ ಪೆಟ್ಟು ಬಿದ್ದವರ ಮಿದುಳನ್ನು ಪ್ರೊಜೆಸ್ಟರೋನ್ ಕಾಪಾಡೀತೆಂಬ ಆಸೆ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಮೂಡಿತ್ತು. ಆದರೆ 2014ರಲ್ಲಿ ಪ್ರಕಟವಾದ, ಒಟ್ಟು ಸುಮಾರು 2,000 ಗಾಯಾಳುಗಳ ಎರಡು ದೊಡ್ಡ ಪರೀಕ್ಷೆಗಳಲ್ಲಿ ಆ ಆಸೆ ಕೈಗೂಡಲಿಲ್ಲ. ಇನ್ನೊಂದೆಡೆ, ಹೆರಿಗೆಯ ನಂತರ ಕೆಲವು ತಾಯಂದಿರನ್ನು ಕಾಡುವ ಖಿನ್ನತೆಗೆ ಅಲೋಪ್ರೆಗ್ನನೊಲೋನ್ ಔಷಧವಾಗಿ 2019ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು.

ಒಂದೇ ವಸ್ತು, ಬಾಗಿಲುಗಳು ಹಲವು. ಯಾವ ಅಂಗದಲ್ಲಿ ಯಾವ ಬಾಗಿಲು ತೆರೆಯುತ್ತದೆಂಬುದನ್ನು ತಿಳಿಯದೆ ಹಾರ್ಮೋನಿನ ಗುಣವನ್ನು ಹೇಳಲಾಗದು.