ಸಿಹಿಗುಂಬಳದ ಬ್ರೆಡ್: ಮೊದಲ ಸಲ ಹಿಟ್ಟು ನಾದುವವರಿಗೆ

ಸಾರು, ಪಲ್ಯ, ಕಡುಬುಗಳಿಗೆಲ್ಲ ಒಗ್ಗಿರುವ ಸಿಹಿಗುಂಬಳ ಬ್ರೆಡ್ಡಿಗೂ ಚೆನ್ನಾಗಿ ಹೊಂದುತ್ತದೆ. ಇದನ್ನು ಸೇರಿಸಿದ ಬ್ರೆಡ್ ಹೊಂಬಣ್ಣದ್ದಾಗಿರುತ್ತದೆ, ಮರುದಿನವೂ ಮೆತ್ತಗಿರುತ್ತದೆ. ಯೀಸ್ಟ್ ಎಂದರೆ ಅಳುಕುವವರು ಧೈರ್ಯವಾಗಿ ಇಲ್ಲಿಂದಲೇ ಶುರುಮಾಡಬಹುದು.

ಒಂದು ಮಾತು ಮೊದಲೇ ತಿಳಿದಿರಲಿ. ಸಿಹಿಗುಂಬಳದಲ್ಲಿ ಸುಮಾರು ಶೇ. 90ರಷ್ಟು ನೀರೇ ಇದೆ. ಹಿಟ್ಟು ಕಲಸಲು ಬೇಕಾದ ನೀರಿನ ಬಹುಪಾಲು ಅದರಿಂದಲೇ ಬರುತ್ತದೆ. ಈ ನೀರನ್ನು ಅದರ ನಾರು ಮತ್ತು ಪೆಕ್ಟಿನ್ ಹಿಡಿದಿಟ್ಟುಕೊಳ್ಳುವುದರಿಂದ ಬ್ರೆಡ್ ಬೇಗ ಒಣಗುವುದಿಲ್ಲ. ಆದರೆ ಒಂದು ಕಾಯಿಯಲ್ಲಿರುವಷ್ಟು ನೀರು ಇನ್ನೊಂದರಲ್ಲಿ ಇರುವುದಿಲ್ಲ. ಹಾಗಾಗಿ ಹಾಲನ್ನು ಒಮ್ಮೆಲೇ ಸುರಿಯದೆ, ಕೊನೆಗೆ ಚಮಚ ಚಮಚವಾಗಿ ಸೇರಿಸಬೇಕು.

ಬೇಕಾಗುವುದು: ಮೈದಾ 300 ಗ್ರಾಂ, ಬೇಯಿಸಿ ನುಣ್ಣಗೆ ಅರೆದ ಸಿಹಿಗುಂಬಳ 180 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ ಒಂದು ಟೀ ಚಮಚ, ಸಕ್ಕರೆ ಎರಡು ದೊಡ್ಡ ಚಮಚ, ಉಪ್ಪು 5 ಗ್ರಾಂ, ಬೆಣ್ಣೆ 30 ಗ್ರಾಂ, ಉಗುರುಬೆಚ್ಚಗಿನ ಹಾಲು 30ರಿಂದ 50 ಮಿ.ಲೀ.

ಸಿಹಿಗುಂಬಳದ ಹೋಳುಗಳನ್ನು ನೀರಿನಲ್ಲಿ ಮುಳುಗಿಸದೆ ಹಬೆಯಲ್ಲಿ ಬೇಯಿಸಿ. ಅರೆದಾಗ ನೀರುನೀರಾಗಿದ್ದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಸ್ವಲ್ಪ ಬತ್ತಿಸಿ. ಪೂರ್ತಿ ಆರಿದ ಮೇಲಷ್ಟೇ ಹಿಟ್ಟಿಗೆ ಸೇರಿಸಿ. ಯೀಸ್ಟ್ ಜೀವಂತ ಸೂಕ್ಷ್ಮಾಣು. 60 ಡಿಗ್ರಿ ಸೆಲ್ಸಿಯಸ್ ಹತ್ತಿರದ ಬಿಸಿ ತಾಗಿದರೆ ಸತ್ತುಹೋಗುತ್ತದೆ.

ಬೆಣ್ಣೆಯೊಂದನ್ನು ಬಿಟ್ಟು ಉಳಿದುದನ್ನೆಲ್ಲ ಕಲಸಿ, ಹತ್ತು ನಿಮಿಷ ಮುಚ್ಚಿಡಿ. ಆಮೇಲೆ ಬೆಣ್ಣೆ ಸೇರಿಸಿ ನಾದಿ. ಮೊದಲೈದು ನಿಮಿಷ ಹಿಟ್ಟು ಕೈಗೆ ಅಂಟುತ್ತದೆ. ಇಲ್ಲಿಯೇ ಹೊಸಬರು ಗಾಬರಿಯಾಗಿ ಮೈದಾ ಸುರಿಯುವುದು. ಹಾಗೆ ಮಾಡಿದರೆ ಬ್ರೆಡ್ ಗಟ್ಟಿಯಾಗುತ್ತದೆ. ತಾಳ್ಮೆಯಿಂದ ನಾದುತ್ತ ಹೋಗಿ. ಹಿಟ್ಟಿನಲ್ಲಿರುವ ಪ್ರೋಟೀನುಗಳು ನೀರು ಹೀರಿಕೊಂಡು ಗ್ಲುಟೆನ್ ಎಂಬ ಬಲೆ ಹೆಣೆಯುತ್ತವೆ. ಯೀಸ್ಟ್ ಹೊರಬಿಡುವ ಇಂಗಾಲದ ಡೈಆಕ್ಸೈಡ್ ಆ ಬಲೆಯಲ್ಲಿ ಸಿಕ್ಕಿಕೊಂಡಾಗಲೇ ಬ್ರೆಡ್ ಉಬ್ಬುವುದು. ಹನ್ನೆರಡು–ಹದಿನೈದು ನಿಮಿಷಗಳಲ್ಲಿ ಹಿಟ್ಟು ಹೋಳಿಗೆಯ ಕಣಕದಂತೆ ಮೆದುವಾಗಿ, ಎಳೆದರೆ ಹರಿಯದೆ ತೆಳುವಾಗಿ ಹಿಗ್ಗುತ್ತದೆ. ಅಲ್ಲಿಗೆ ನಾದಿದ್ದು ಸಾಕು.

ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಮುಚ್ಚಿ. ಹಿಟ್ಟು ಎರಡರಷ್ಟಾಗಲು ಕರಾವಳಿಯ ಸೆಕೆಯಲ್ಲಿ ಒಂದು ಗಂಟೆ ಸಾಕಾದೀತು. ಮಲೆನಾಡಿನ ಚಳಿಗಾಲದಲ್ಲಿ ಎರಡು ಗಂಟೆ ದಾಟಬಹುದು. ಗಡಿಯಾರಕ್ಕಿಂತ ಹಿಟ್ಟಿನ ಗಾತ್ರವನ್ನೇ ನಂಬಿ. ಬಳಿಕ ಮೆಲ್ಲನೆ ಒತ್ತಿ ಗಾಳಿ ತೆಗೆದು, ಸುರುಳಿ ಸುತ್ತಿ, ಬೆಣ್ಣೆ ಸವರಿದ ಬ್ರೆಡ್ ಟಿನ್ನಿನಲ್ಲಿಟ್ಟು ಮತ್ತೆ ಉಬ್ಬಲು ಬಿಡಿ. ಬೆರಳಿನಿಂದ ಮೆತ್ತಗೆ ಒತ್ತಿದ ಗುಳಿ ನಿಧಾನವಾಗಿ ಅರ್ಧದಷ್ಟೇ ಮೇಲೆದ್ದರೆ ಓವನ್ನಿಗೆ ಹೊತ್ತಾಯಿತು ಎಂದರ್ಥ.

ಮೊದಲೇ ಕಾಯಿಸಿದ ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಸುಮಾರು 30 ನಿಮಿಷ ಬೇಯಿಸಿ. ಮೇಲ್ಭಾಗ ಬೇಗ ಕೆಂಪಾದರೆ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ. ಬೆಂದ ಬ್ರೆಡ್ಡಿನ ತಳ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಟಿನ್ನಿನಿಂದ ತೆಗೆದು, ಕನಿಷ್ಠ ಒಂದು ಗಂಟೆ ಜಾಲರಿಯ ಮೇಲೆ ಆರಿಸಿ. ಬಿಸಿಯಿದ್ದಾಗಲೇ ಕೊಯ್ದರೆ ಒಳಗು ಅಂಟಂಟಾಗುತ್ತದೆ.

ಉಳಿದದ್ದನ್ನು ಡಬ್ಬಿಯಲ್ಲಿ ಹೊರಗೇ ಇಡಿ. ಫ್ರಿಜ್ಜಿನ ತಂಪಿನಲ್ಲಿ ಪಿಷ್ಟ ಬೇಗ ಬಿರುಸಾಗುತ್ತದೆ. ಹೆಚ್ಚು ದಿನ ಬೇಕಿದ್ದರೆ ಕೊಯ್ದು ಫ್ರೀಜರಿನಲ್ಲಿಡಿ.

ಈ ಸಲ ಎಷ್ಟು ಹಾಲು ಹಿಡಿಯಿತು, ಹಿಟ್ಟು ಉಬ್ಬಲು ಎಷ್ಟು ಹೊತ್ತಾಯಿತು ಎಂದು ಬರೆದಿಟ್ಟುಕೊಳ್ಳಿ. ಕೈಗೆ ಹದ ಸಿಕ್ಕಿದ ಮೇಲೆ ಅರ್ಧ ಮೈದಾ, ಅರ್ಧ ಗೋಧಿಹಿಟ್ಟು ಬೆರೆಸಿ ನೋಡಿ. ಗೋಧಿಹಿಟ್ಟಿನ ತೌಡು ಹೆಚ್ಚು ನೀರು ಕುಡಿಯುತ್ತದೆ. ಆಗ ಎಷ್ಟು ಹಾಲು ಕೂಡಿಸಬೇಕೆಂದು ನಿಮ್ಮ ಕೈಯೇ ಹೇಳುತ್ತದೆ.