ನೆರಳು ಗಿಡ್ಡವಾದ ಹೊತ್ತು

ಪುಟ್ಟಿ, ನಿನ್ನೆ ಸಂಜೆ ಭದ್ರಾವತಿಯಿಂದ ಬಂದವಳು ಸ್ಕೂಟರ್ ನಿಲ್ಲಿಸಿ, ಜಗಲಿಯಲ್ಲಿ ಕೂತು ಕೈಗಡಿಯಾರ ಬಿಚ್ಚಿಟ್ಟೆ. ಪಟ್ಟಿ ಇದ್ದ ಜಾಗ ಮೊದಲಿನ ಬಣ್ಣದಲ್ಲೇ ಉಳಿದಿತ್ತು. ಅದರ ಆಚೆ ಈಚೆ ಕೈಯೆಲ್ಲ ಕಂದಿತ್ತು, ಬೆರಳ ಗೆಣ್ಣುಗಳ ಮೇಲೆ ಇನ್ನೂ ಗಾಢ. ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗಿಲ್ಲ. "ಎಷ್ಟು ಕಪ್ಪಾದೆ ನೋಡಜ್ಜ" ಎಂದು ಮುಖ ಸಪ್ಪಗೆ ಮಾಡಿದೆ. ನೀನು ದಣಿದಿದ್ದೆ, ನಾನೂ ಸುಮ್ಮನಾದೆ. ಈಗ ಹೇಳುತ್ತೇನೆ, ಕೇಳು.

ಕಪ್ಪಾದೆ ಅಂತ ಕೊರಗಬೇಡ. ಬಣ್ಣದಲ್ಲಿ ಮೇಲು ಕೀಳಿಲ್ಲ. ನಮ್ಮ ಚರ್ಮದಲ್ಲಿರುವ ಮೆಲನಿನ್ ಎಂಬ ಬಣ್ಣದ ವಸ್ತು ನಮಗೆ ಹುಟ್ಟಿನಿಂದ ಬಂದ ಕೊಡೆ. ಬಿಸಿಲು ಚರ್ಮದ ಒಳಕ್ಕೆ ಪೆಟ್ಟು ಕೊಟ್ಟಾಗ ಇನ್ನಷ್ಟು ಪೆಟ್ಟು ಬೀಳದಿರಲಿ ಎಂದು ಚರ್ಮ ಆ ಕೊಡೆಯನ್ನು ಅಗಲ ಮಾಡುತ್ತದೆ. ಹಾಗಾಗಿ ನಿನ್ನ ಕೈ ಕಂದಿದ್ದನ್ನು ಚರ್ಮ ಕೊಟ್ಟ ದೂರು ಅಂತ ತಿಳಿ. ಬಣ್ಣ ಮಳೆಗಾಲ ಮುಗಿಯುವಷ್ಟರಲ್ಲಿ ತಿಳಿಯಾಗಬಹುದು. ಒಳಗೆ ಬಿದ್ದ ಪೆಟ್ಟು ಮಾತ್ರ ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ನನಗೆ ಚಿಂತೆ ಅದರದು.

ಇದನ್ನು ನನ್ನ ಮುಖ ನೋಡಿಯೇ ತಿಳಿಯಬಹುದು. ಇಪ್ಪತ್ತೆಂಟು ವರ್ಷ ಶಿವಮೊಗ್ಗದ ಇದೇ ವಿದ್ಯಾನಗರದಿಂದ ಇದೇ ಬಿ.ಎಚ್. ರಸ್ತೆಯಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗಿ ಬಂದವನು ನಾನು. ಆ ರಸ್ತೆಯ ಗುಣ ಗಮನಿಸಿದ್ದೀಯಾ? ಭದ್ರಾವತಿ ನಮಗೆ ಆಗ್ನೇಯ ದಿಕ್ಕಿಗಿದೆ. ಬೆಳಿಗ್ಗೆ ಹೋಗುವಾಗ ಸೂರ್ಯ ಎದುರಿಗೆ. ಸಂಜೆ ವಾಪಸ್ ಬರುವಾಗ ಅವನು ಪಡುವಣಕ್ಕೆ ಇಳಿದಿರುತ್ತಾನೆ, ಮತ್ತೆ ಎದುರಿಗೆ. ಎರಡು ಹೊತ್ತೂ ಮುಖಕ್ಕೇ ಬಿಸಿಲು. ಗಾಳಿ ತಂಪಾಗಿ ಬಡಿಯುತ್ತಿದ್ದರೆ ಸುಡುವುದು ಗೊತ್ತೇ ಆಗುವುದಿಲ್ಲ. ನನ್ನ ಎಡಗೆನ್ನೆಯ ಬಂಗು, ಮೂಗಿನ ಮೇಲಿನ ಕಲೆ, ಕತ್ತಿನ ಹಿಂದೆ ಹಳೇ ಚಪ್ಪಲಿಯ ಅಟ್ಟೆಯಂತೆ ಬಿರುಸಾದ ಚರ್ಮ, ಇವೆಲ್ಲ ಆ ರಸ್ತೆ ಕೊಟ್ಟದ್ದು. ಕಣ್ಣಿನ ಬಿಳಿಯ ಮೇಲೆ ಪೊರೆ ಬೆಳೆದು ಆಪರೇಷನ್ ಮಾಡಿಸಿಕೊಂಡಾಗ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬಿಸಿಲು ದೂಳಲ್ಲಿ ತುಂಬಾ ಓಡಾಡಿದ್ದೀರಾ?"

ಬೇಸರವಾಗುವುದು ಎಲ್ಲಿ ಗೊತ್ತಾ? 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಆ ಕಾರ್ಖಾನೆಯಲ್ಲಿ ಕುಲುಮೆಯ ಬಾಯಿಯ ಹತ್ತಿರ ನಾವು ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ. ದಪ್ಪ ಗ್ಲೌಸ್, ಉದ್ದ ತೋಳಿನ ಅಂಗಿ, ಒಳಗಿನ ಉರಿ ನೋಡಲು ನೀಲಿ ಗಾಜು. ಉರಿ ಕಣ್ಣಿಗೆ ಕಾಣುತ್ತಿತ್ತು, ಹೆದರಿಕೆಯೂ ಇತ್ತು. ಗೇಟು ದಾಟಿ ಹೊರಗೆ ಬಂದವನೇ ತೋಳು ಮಡಚಿ, ಟೋಪಿ ಇಲ್ಲದೆ, ಇಪ್ಪತ್ತು ಕಿಲೋಮೀಟರ್ ಬಿಸಿಲಲ್ಲಿ ಬರುತ್ತಿದ್ದೆ. ಆ ಉರಿಯನ್ನು ನಾನು ಉರಿ ಅಂತ ಎಣಿಸಲೇ ಇಲ್ಲ.

ನಿನ್ನ ಮುತ್ತಜ್ಜನಿಗೆ ಇದು ಚೆನ್ನಾಗಿ ಗೊತ್ತಿತ್ತು. ತೀರ್ಥಹಳ್ಳಿ ಕಡೆಯ ತೋಟದಲ್ಲಿ ದೀಪಾವಳಿ ಕಳೆದದ್ದೇ ಅಪ್ಪಯ್ಯ ಎಳೆ ಅಡಿಕೆ ಮರಗಳ ಕಾಂಡಕ್ಕೆ ಸೋಗೆ ಕಟ್ಟಿಸುತ್ತಿದ್ದರು, ಕೆಲವಕ್ಕೆ ಸುಣ್ಣ ಬಳಿಸುತ್ತಿದ್ದರು. ಅದೂ ನೈಋತ್ಯದ ಕಡೆಗೆ ಮಾತ್ರ. ಚಳಿಗಾಲದಲ್ಲಿ ಮಧ್ಯಾಹ್ನದ ಮೇಲೆ ಸೂರ್ಯ ಆ ಮಗ್ಗುಲಿಂದ ಓರೆಯಾಗಿ ಹೊಡೆಯುತ್ತಾನೆ. ಒಮ್ಮೆ ಅವರು ನನ್ನ ಬೆರಳು ಹಿಡಿದು, ಸೋಗೆ ಕಟ್ಟದೆ ಬಿಟ್ಟ ಒಂದು ಮರ ಮುಟ್ಟಿಸಿದ್ದರು. ಒಂದು ಮಗ್ಗುಲು ಹಸಿರು, ನುಣುಪು. ಇನ್ನೊಂದು ಮಗ್ಗುಲು ಮೊದಲು ಹೊನ್ನಿನ ಹಳದಿಗೆ ತಿರುಗಿ, ಆಮೇಲೆ ಕಂದಾಗಿ, ಉದ್ದಕ್ಕೆ ಸೀಳು ಬಿಟ್ಟಿತ್ತು. ಸೀಳಿನೊಳಗೆ ಬೂಸ್ಟು, ಹುಳ. "ಇದು ಇವತ್ತು ಬೀಳೋದಿಲ್ಲ ಮಗಾ, ಮುಂದಿನ ಮಳೆಗಾಲದ ಗಾಳಿಗೆ ಅಲ್ಲೇ ಮುರಿಯುತ್ತೆ" ಅಂದರು. ಮಾತನಾಡದ ಮರದ ಚರ್ಮಕ್ಕೆ ಇಷ್ಟು ಕಾಳಜಿ ಮಾಡಿದ ಮನೆಯವರು ನಾವು. ನಮ್ಮ ಮೈ ಚರ್ಮಕ್ಕೂ ಅಷ್ಟು ಮಾಡಬೇಡವೇ?

ಈಗ ಬಿಸಿಲಿನ ವಿಷಯ. ಸೆಕೆ ಬೇರೆ, ಚರ್ಮ ಸುಡುವ ಕಿರಣ ಬೇರೆ. ಸುಡುವವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು. ಅದರಲ್ಲಿ ನಮ್ಮನ್ನು ಮುಟ್ಟುವುದು ಎರಡು ಬಗೆ. ಯುವಿಬಿ ನಡುಹಗಲಲ್ಲಿ ಜೋರು, ಚರ್ಮ ಕೆಂಪಾಗಿ ಉರಿಯುವುದು ಹೆಚ್ಚಾಗಿ ಅದರಿಂದ. ಯುವಿಎ ಬೆಳಗಿನಿಂದ ಸಂಜೆಯವರೆಗೂ ಇರುತ್ತದೆ, ಮೋಡ ದಾಟುತ್ತದೆ, ಬಸ್ಸಿನ ಕಿಟಕಿ ಗಾಜನ್ನೂ ದಾಟುತ್ತದೆ. ಚರ್ಮದ ಆಳಕ್ಕಿಳಿದು ಸುಕ್ಕು ತರುವುದು, ಬಂಗು ಹೆಚ್ಚಿಸುವುದು ಅದು. ಮೋಡ ಕವಿದಿದೆ, ಆಗುಂಬೆಯ ತಂಪಿನಲ್ಲಿದ್ದೇನೆ ಅಂತ ಮೈಮರೆಯಬಾರದು ಅನ್ನುವುದು ಇದಕ್ಕೇ. ನಮ್ಮಂಥ ಬಣ್ಣದವರಿಗೆ ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ಬಹಳ ಕಡಿಮೆ, ನಿಜ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1992ರಲ್ಲೇ ಬಿಸಿಲನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಕಡಿಮೆ ಅಂದರೆ ಇಲ್ಲವೇ ಇಲ್ಲ ಎಂದಲ್ಲ.

ಇನ್ನು ಮಾಡಬೇಕಾದ್ದು. ಮೊದಲನೆಯದು ನೆರಳು. ಏಪ್ರಿಲ್ ಕೊನೆಯ ವಾರ ಒಂದು ದಿನ, ಆಗಸ್ಟ್ ನಡುವಿಗೆ ಮತ್ತೊಂದು ದಿನ, ಸೂರ್ಯ ಸರಿಯಾಗಿ ಶಿವಮೊಗ್ಗದ ನೆತ್ತಿಗೆ ಬರುತ್ತಾನೆ. ಆ ಗಳಿಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅದೂ 12 ಗಂಟೆಗಲ್ಲ, ಸುಮಾರು 12.30ರ ಹೊತ್ತಿಗೆ. ಇಡೀ ದೇಶದ ಗಡಿಯಾರ ನಮಗಿಂತ ಮೂಡಲಿಗಿರುವ ರೇಖಾಂಶದ ಲೆಕ್ಕದಲ್ಲಿ ನಡೆಯುವುದರಿಂದ ನಮ್ಮ ನಿಜವಾದ ನಡುಹಗಲು ಅರ್ಧ ಗಂಟೆ ತಡ. ನೀನು ಆಫೀಸಿನಿಂದ ಊಟಕ್ಕೆಂದು ಹೊರಬೀಳುವುದು ಸರಿಯಾಗಿ ಅದೇ ಹೊತ್ತಿಗೆ. ಬುತ್ತಿ ಕಟ್ಟಿಕೊಂಡು ಹೋಗು, ಒಳಗೇ ಕೂತು ಉಣ್ಣು. ಒಂದು ಸುಲಭದ ಲೆಕ್ಕ ನೆನಪಿಟ್ಟುಕೋ: ನಿನ್ನ ನೆರಳು ನಿನಗಿಂತ ಗಿಡ್ಡವಾಗಿದ್ದರೆ ಬಿಸಿಲು ಕಟು, ನೆರಳಿಗೆ ಸರಿ. ಬೇಸಿಗೆಯಲ್ಲಿ ಅದು ಹೆಚ್ಚುಕಡಿಮೆ ಬೆಳಿಗ್ಗೆ 9.30ರಿಂದ ಮಧ್ಯಾಹ್ನ 3.30ರವರೆಗೆ. ನಿನ್ನ ಫೋನಿನ ಹವಾಮಾನದಲ್ಲಿ ಯುವಿ ಸೂಚ್ಯಂಕ ಅಂತ ಒಂದು ಅಂಕಿ ಬರುತ್ತದೆ, ನೋಡಿಕೋ. 3 ಮುಟ್ಟಿದರೆ ಮೈ ಕಾಯಬೇಕು. 11 ಮುಟ್ಟಿದರೆ ಅತಿ ಅಪಾಯ. ನಮ್ಮೂರ ಬೇಸಿಗೆಯ ನಡುಹಗಲಲ್ಲಿ ಅದು 11 ದಾಟುವುದೇ ಹೆಚ್ಚು.

ಎರಡನೆಯದು ಬಟ್ಟೆ. ಕ್ರೀಮಿಗಿಂತ ಮೊದಲು ಬಟ್ಟೆ ಅಂತ ನೆನಪಿಟ್ಟುಕೋ. ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಆರಿಸು. ಬೆಳಕಿಗೆ ಹಿಡಿದು ನೋಡು, ಆಚೆಯದು ಕಂಡರೆ ಕಿರಣವೂ ಒಳಗೆ ಬರುತ್ತದೆ. ನೆಂದ ಬಟ್ಟೆ ಇನ್ನೂ ಹೆಚ್ಚು ಬಿಡುತ್ತದೆ. ಸ್ಕೂಟರ್ ಮೇಲೆ ಉದ್ದ ತೋಳು, ಬೆರಳು ಮುಚ್ಚುವ ಗ್ಲೌಸ್, ಮುಖ ಮುಚ್ಚುವ ಹೆಲ್ಮೆಟ್, ಕತ್ತಿಗೆ ವೇಲು. ಪಾದ ಮರೆಯಬೇಡ, ಚಪ್ಪಲಿಯ ಪಟ್ಟಿಯ ಗುರುತು ನಿನಗಾಗಲೇ ಬಿದ್ದಿದೆ. ನಡೆದು ಹೋಗುವಾಗ ಕೊಡೆ ಹಿಡಿ. ಬೇಸಿಗೆಯಲ್ಲಿ ಕೊಡೆ ಹಿಡಿದರೆ ಯಾರಾದರೂ ನಗುತ್ತಾರೆ ಅನ್ನುವ ಸಂಕೋಚ ಬೇಡ. ತೋಟದಲ್ಲಿ ನಮ್ಮ ಹಿರಿಯರು ಅಡಿಕೆ ಹಾಳೆಯ ಟೊಪ್ಪಿ ಹಾಕಿಕೊಂಡೇ ಕೆಲಸ ಮಾಡಿದವರು.

ಮೂರನೆಯದು ಸನ್‌ಸ್ಕ್ರೀನ್. ಬಟ್ಟೆ ಮುಚ್ಚದ ಜಾಗಕ್ಕೆ ಅದು ಬೇಕು. ಡಬ್ಬಿಯ ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚು, ಜೊತೆಗೆ ಪಿಎ ಮುಂದೆ ಮೂರು ಕೂಡಿಸುವ ಗುರುತು ಇದೆಯೇ ನೋಡು. ಎಸ್‌ಪಿಎಫ್ ಹೇಳುವುದು ಯುವಿಬಿಯ ಲೆಕ್ಕ, ಪಿಎ ಹೇಳುವುದು ಯುವಿಎಯ ಲೆಕ್ಕ. ಎಸ್‌ಪಿಎಫ್ 30 ಇದ್ದದ್ದು ನೂರಕ್ಕೆ 97 ಪಾಲು ತಡೆದರೆ 50 ಇದ್ದದ್ದು 98 ಪಾಲು ತಡೆಯುತ್ತದೆ. ಆ ಒಂದು ಪಾಲಿಗಾಗಿ ದುಬಾರಿಯದಕ್ಕೆ ಹೋಗುವ ಬದಲು ಸಾಕಷ್ಟು ಹಚ್ಚುವುದು ಮುಖ್ಯ. ನೀನು ಕಡಲೆಕಾಳಿನಷ್ಟು ತೆಗೆದು ಮುಖವೆಲ್ಲ ಸವರುತ್ತೀಯ, ಅದು ಸಾಲದು. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಂತೆ ಹಾಕಿಕೊಂಡರೆ ಮುಖಕ್ಕೆ, ಕತ್ತಿಗೆ ಸರಿಹೋಗುತ್ತದೆ. ಕಿವಿಗೂ ಹಚ್ಚು. ಹೊರಡುವ ಕಾಲು ಗಂಟೆ ಮೊದಲು ಹಚ್ಚು. ಬಿಸಿಲಲ್ಲೇ ಇದ್ದರೆ ಎರಡು ಗಂಟೆಗೊಮ್ಮೆ, ಬೆವರು ಒರೆಸಿಕೊಂಡರೆ ಅದಕ್ಕೂ ಮೊದಲು ಮತ್ತೆ ಹಚ್ಚು. ನಿನ್ನ ಅಕ್ಕನ ಕೂಸಿಗೆ ಇನ್ನೂ ಆರು ತಿಂಗಳು ತುಂಬಿಲ್ಲ, ಅದಕ್ಕೆ ಕ್ರೀಮು ಬೇಡ. ನೆರಳು, ಮೆತ್ತಗಿನ ಬಟ್ಟೆ ಸಾಕು.

ಇನ್ನೊಂದು ಮಾತು ನೋವಿನಿಂದ ಹೇಳುತ್ತೇನೆ. ನನ್ನ ತಮ್ಮನ ಮಗಳು ಮದುವೆಗೆ ಮುಂಚೆ ಬಿಸಿಲಿಗೆ ಕಂದಿದ ಮುಖ ಬೆಳ್ಳಗಾಗಲಿ ಅಂತ ಒಂದು ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಕ್ರೀಮು ಕೊಂಡಳು. ಎರಡು ವಾರದಲ್ಲಿ ಮುಖ ಹೊಳೆಯಿತು, ಎಲ್ಲರೂ ಹೊಗಳಿದರು. ಬಿಟ್ಟ ಮೇಲೆ ಉರಿ, ಕೆಂಪು, ಮೊಡವೆ, ತೆಳ್ಳಗಾದ ಚರ್ಮದಡಿ ಕೆಂಪು ರಕ್ತನಾಳಗಳ ಗೆರೆ. ಅಡುಗೆಮನೆಯ ಬಿಸಿಯೂ ತಡೆಯದಂತಾಯಿತು. ಅದರಲ್ಲಿ ಇದ್ದದ್ದು ಸ್ಟೀರಾಯ್ಡ್. ಬೆಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಎಂಬ ಹೆಸರು ಟ್ಯೂಬಿನ ಮೇಲೆ ಕಂಡರೆ ಡಾಕ್ಟರು ಬರೆದುಕೊಡದೆ ಮುಖಕ್ಕೆ ಮುಟ್ಟಿಸಬೇಡ. ಇಂಥ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಮಾಡಿದೆ. ಗೆಳತಿಯರಿಗೂ ಹೇಳು. ನಿಂಬೆಹಣ್ಣು ಉಜ್ಜಿಕೊಳ್ಳುವುದೂ ಬೇಡ. ನಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ತಿಂಗಳುಗಟ್ಟಲೆ ಕಲೆ ಉಳಿಯುತ್ತದೆ. ಮೊಡವೆಗೋ ಜ್ವರಕ್ಕೋ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ, ಆ ದಿನಗಳಲ್ಲಿ ಇನ್ನೂ ಜಾಗ್ರತೆ.

ಎಷ್ಟು ಎಚ್ಚರವಿದ್ದರೂ ಒಮ್ಮೊಮ್ಮೆ ಸುಡುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬೆಯ ಜಾತ್ರೆಯಲ್ಲಿ ದರ್ಶನದ ಸಾಲಿನಲ್ಲಿ ನಿಂತವರಿಗೆ ಇದು ಗೊತ್ತು. ಆಗ ತಣ್ಣೀರಲ್ಲಿ ಅದ್ದಿದ ಬಟ್ಟೆ ಹಾಕು, ಲೋಳೆಸರದ ತಿರುಳು ಸವರಬಹುದು. ಐಸ್ ಇಡಬೇಡ, ಟೂತ್‌ಪೇಸ್ಟ್ ಬಳಿಯಬೇಡ, ಬೊಬ್ಬೆ ಒಡೆಯಬೇಡ. ಮೈತುಂಬ ಬೊಬ್ಬೆ, ಜ್ವರ, ತಲೆಸುತ್ತು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗು. ಮಜ್ಜಿಗೆ, ಎಳನೀರು, ನಿನ್ನಜ್ಜಿ ಮಾಡುವ ಮುರುಗಲು ಹಣ್ಣಿನ ಪಾನಕ ಒಳಗಿನ ದಾಹಕ್ಕೆ ಒಳ್ಳೆಯದು, ದಿನವೂ ಕುಡಿ. ಆದರೆ ಕುಡಿದದ್ದು ಹೊರಗಿನ ಕಿರಣವನ್ನು ತಡೆಯುವುದಿಲ್ಲ. ತಿಂಗಳಾದರೂ ಮಾಯದ ಹುಣ್ಣು, ಆಕಾರ ಬಣ್ಣ ಬದಲಾಗುವ ಮಚ್ಚೆ ಕಂಡರೆ ಮೆಗ್ಗಾನ್ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ತೋರಿಸು. ನಾಚಿಕೆ ಬೇಡ.

ಹೀಗೆಲ್ಲ ಹೇಳಿದೆ ಅಂತ ಬಿಸಿಲನ್ನು ಹಗೆ ಅಂತ ತಿಳಿಯಬೇಡ. ಅಡಿಕೆ ಒಣಗುವುದು, ಹಪ್ಪಳ ಸಂಡಿಗೆ ಒಣಗುವುದು, ನಮ್ಮ ಮೂಳೆಗೆ ಬೇಕಾದ ವಿಟಮಿನ್ ಡಿ ತಯಾರಾಗುವುದು ಅದರಿಂದಲೇ. ದಿನಕ್ಕೆ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ಬೀಳಲಿ. ಆದರೆ ಅಂಗಳಕ್ಕೆ ಹಾಕಿದ ಹಪ್ಪಳವನ್ನೂ ಹೊತ್ತು ನೋಡಿ ಒಳಗೆ ತರುತ್ತೇವೆ. ರಸ್ತೆ ಬದಿಯಲ್ಲಿ ಹೂವು ಮಾರುವ ಅಮ್ಮನಿಗೆ, ಡಾಂಬರು ಹಾಕುವ ಹುಡುಗರಿಗೆ ನಿನ್ನಂತೆ ಒಳಗೆ ಹೋಗುವ ಆಯ್ಕೆ ಇಲ್ಲ. ನಿನಗೆ ಇದೆ, ಅದನ್ನು ಬಳಸಿಕೋ. ಆ ಅಮ್ಮನಿಗೆ ಮನೆಯಲ್ಲಿರುವ ಒಂದು ಹಳೇ ಕೊಡೆ ಕೊಟ್ಟರೆ ಇನ್ನೂ ಒಳ್ಳೆಯದು.

ನನ್ನ ಇಪ್ಪತ್ತೆಂಟು ವರ್ಷ ಹೋಯಿತು, ಎಡಗೆನ್ನೆಯ ಬಂಗು ಇನ್ನು ಹೋಗುವುದಿಲ್ಲ. ನಿನ್ನದು ಇನ್ನೂ ಮೂರು ತಿಂಗಳು, ಅಷ್ಟೇ. ಬಾಗಿಲ ಪಕ್ಕದ ಮೊಳೆಗೆ ಸ್ಕೂಟರ್ ಕೀಲಿಯ ಜೊತೆ ಒಂದು ಹತ್ತಿ ವೇಲು, ಒಂದು ಜೊತೆ ಗ್ಲೌಸ್ ತೂಗುಹಾಕಿದ್ದೇನೆ. ನಾಳೆ ಬೆಳಿಗ್ಗೆ ಮೂರನ್ನೂ ಒಟ್ಟಿಗೆ ತೆಗೆದುಕೊಂಡು ಹೋಗು ಮಗಳೇ.