ಕನ್ನಡದ ಮೆಟ್ಟಿಲೇರಿ ರಷ್ಯನ್ ಕಲಿಯೋಣ ಬನ್ನಿ



"ಜಪಾನಿನಲ್ಲಿ ಕೂತು ರಷ್ಯನ್ ಕಲೀತೀಯಾ? ಮೊದಲು ಕಾಂಜಿ ನೆಟ್ಟಗೆ ಓದು ಮಾರಾಯ" ಎಂದು ಗೆಳೆಯರು ನಗುತ್ತಾರೆ. ನಗಲಿ. ಆದರೆ ಒಮ್ಮೆ ಭೂಪಟ ತೆಗೆದು ನೋಡಿ. ಹೊಕ್ಕಾಯ್ದೊದ ಸೋಯಾ ಭೂಶಿರದಿಂದ ರಷ್ಯಾದ ಸಖಾಲಿನ್ ದ್ವೀಪಕ್ಕೆ ಇರುವ ದೂರ 43 ಕಿಲೋಮೀಟರ್. ಬೆಂಗಳೂರಿನಿಂದ ರಾಮನಗರಕ್ಕಿಂತ ಹತ್ತಿರ! ವಕ್ಕನಾಯ್, ನೆಮುರೊ ಕಡೆ ಪ್ರವಾಸ ಹೋದವರು ಬೀದಿ ಫಲಕಗಳಲ್ಲಿ ರಷ್ಯನ್ ಅಕ್ಷರ ಕಂಡಿರುತ್ತೀರಿ. ಸುಶಿ ಅಂಗಡಿಯಲ್ಲಿ ಸಿಗುವ "ಇಕುರಾ" ರಷ್ಯನ್ ಪದ, ಮೀನಿನ ಮೊಟ್ಟೆ ಎಂದರ್ಥ. ನಮ್ಮ ಆಫೀಸುಗಳಲ್ಲಿ ಟಾರ್ಗೆಟ್‌ಗೆ ಹೇಳುವ "ನೊರುಮಾ" ಕೂಡ ರಷ್ಯನ್ನೇ. ಎರಡನೇ ಮಹಾಯುದ್ಧದ ನಂತರ ಸೈಬೀರಿಯಾದ ಶಿಬಿರಗಳಲ್ಲಿ ದುಡಿದು ಹಿಂದಿರುಗಿದ ಜಪಾನಿ ಸೈನಿಕರು ತಂದ ಪದ ಅದು.

ನಾನು ಆನ್‌ಲೈನ್‌ನಲ್ಲಿ ರಷ್ಯನ್‌ನ ಮೊದಲ ಹಂತದ ಕ್ಲಾಸಿಗೆ ಸೇರಿದ್ದೇನೆ. ಈ ಲೇಖನ ಬರೆಯಲು ಕಾರಣ ಮಾತ್ರ ಬೇರೆ. ನಮ್ಮ ಕೂಟಗಳಲ್ಲಿ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: "ಮಕ್ಕಳಿಗೆ ಶಾಲೆಯಲ್ಲಿ ಜಪಾನಿ, ಜೊತೆಗೆ ಇಂಗ್ಲಿಷ್. ಇದರ ಮೇಲೆ ಕನ್ನಡದ ಹೊರೆ ಯಾಕೆ?" ನಾಲ್ಕು ತಿಂಗಳ ಪಾಠದಲ್ಲಿ ನನಗೆ ಕಂಡದ್ದು ಇದಕ್ಕೆ ತದ್ವಿರುದ್ಧ. ಜಪಾನಿ ಸಹಪಾಠಿಗಳು ಎಡವುವ ಎಷ್ಟೋ ಕಡೆ ಕನ್ನಡ ನನ್ನನ್ನು ಕೈಹಿಡಿದು ದಾಟಿಸಿತು. ಹೇಗೆ ಎಂದು ಪಾಠದ ರೂಪದಲ್ಲೇ ಹೇಳುತ್ತೇನೆ.

ಮೊದಲು ಉಚ್ಚಾರಣೆ. ಜಪಾನಿಯರು ರಷ್ಯನ್ ಪದಗಳನ್ನು ಕಟಕಾನಾದಲ್ಲಿ ಬರೆದುಕೊಳ್ಳುತ್ತಾರೆ. ಅಲ್ಲಿ ರ, ಲ ಎರಡೂ ಒಂದೇ. ಒತ್ತಕ್ಷರ ಇಲ್ಲದ್ದರಿಂದ ಹೆಚ್ಚುಕಮ್ಮಿ ಪ್ರತಿ ವ್ಯಂಜನಕ್ಕೂ ಒಂದು ಸ್ವರ ಅಂಟಿಸಬೇಕು. ನಮಸ್ಕಾರಕ್ಕೆ ರಷ್ಯನ್‌ನಲ್ಲಿ "ಜ್ದ್ರಾಸ್ತ್ವುಯ್‌ತ್ಯೆ" ಎನ್ನುತ್ತಾರೆ. ಕಟಕಾನಾದಲ್ಲಿ ಇದು "ಜುದೊರಾಸುತೊ..." ಎಂದು ರೈಲಿನ ಹಾಗೆ ಉದ್ದವಾಗುತ್ತದೆ. "ರಾಷ್ಟ್ರ", "ಸ್ತ್ರೀ", "ಸ್ವಾತಂತ್ರ್ಯ" ಎನ್ನಬಲ್ಲ ನಮ್ಮ ಮಕ್ಕಳಿಗೆ ಇದೇನು ಮಹಾ? ರಷ್ಯನ್‌ಗೆ 33 ಅಕ್ಷರ, ನಮ್ಮ ವರ್ಣಮಾಲೆಗಿಂತ ಕಡಿಮೆ. ತೊಡಕು ಎಂದರೆ ಕೆಲವು ಅಕ್ಷರ ನೋಡಲು ಇಂಗ್ಲಿಷಿನಂತಿದ್ದು ಬೇರೆ ಧ್ವನಿ ಕೊಡುತ್ತವೆ. ಇಂಗ್ಲಿಷಿನ "ಪಿ" ಆಕಾರ ಇಲ್ಲಿ ರಕಾರ, "ಸಿ" ಆಕಾರ ಸಕಾರ. ಇನ್ನೊಂದು ಎಚ್ಚರಿಕೆ: ಕನ್ನಡದಂತೆ ಬರೆದದ್ದನ್ನು ಹಾಗೇ ಓದುವಂತಿಲ್ಲ. ಒತ್ತು ಬೀಳದ "ಒ" ಬಹುತೇಕ "ಅ" ಆಗುತ್ತದೆ. "ಮೊಲೊಕೊ" ಎಂದು ಬರೆದು "ಮಲಕೋ" ಎನ್ನಬೇಕು (ಹಾಲು).

ಈಗ ವ್ಯಾಕರಣ. "ಏತ ದೋಮ್." ಏತ ಎಂದರೆ ಇದು, ದೋಮ್ ಎಂದರೆ ಮನೆ. "ಇದು ಮನೆ." ಅಷ್ಟೇ! ಇಂಗ್ಲಿಷಿನ "ಈಸ್" ಇಲ್ಲ, "ಎ", "ದ" ಇಲ್ಲ, ಜಪಾನಿಯ "ದೆಸು" ಕೂಡ ಇಲ್ಲ. "ಇದು ಮನೆ ಅಲ್ಲ" ಅನ್ನಲು "ಏತ ನಿ ದೋಮ್". ಆದರೆ "ಟೈಮಿಲ್ಲ" ಅನ್ನುವಾಗ "ನಿ" ಬಾರದು, "ನ್ಯೆತ್" ಬರಬೇಕು: "ಉ ಮಿನ್ಯಾ ನ್ಯೆತ್ ವ್ರೇಮಿನಿ". ಗಮನಿಸಿದಿರಾ? ನಮ್ಮ "ಅಲ್ಲ" ಮತ್ತು "ಇಲ್ಲ"! ಯಾರಾದರೂ ಕೇಳಿದ್ದಕ್ಕೆ ಬರೀ "ಇಲ್ಲ" ಎನ್ನುವುದಕ್ಕೂ ಅದೇ "ನ್ಯೆತ್" ನಡೆಯುತ್ತದೆ.

ಮುಂದಿನದು ನನಗೆ ಬಹಳ ಖುಷಿ ಕೊಟ್ಟ ಪಾಠ. "ನನಗೆ" ಎಂಬುದಕ್ಕೆ ರಷ್ಯನ್‌ನಲ್ಲಿ "ಮ್ನ್ಯೆ".

ಮ್ನ್ಯೆ ಖೋಲದ್ನ: ನನಗೆ ಚಳಿ.
ಮ್ನ್ಯೆ ಸ್ಯೆಮ್ ಲ್ಯೆತ್: ನನಗೆ ಏಳು ವರ್ಷ.
ಮ್ನ್ಯೆ ನ್ರಾವಿತ್ಸ ಚಾಯ್: ನನಗೆ ಟೀ ಇಷ್ಟ.

ಇಂಗ್ಲಿಷಿನಲ್ಲಿ ಯೋಚಿಸುವವರು ಮೂರಕ್ಕೂ "ಐ" ಎಂದು ಶುರು ಮಾಡುತ್ತಾರೆ. ಆಗ ಚತುರ್ಥಿ ವಿಭಕ್ತಿ ಯಾಕೆ ಬಂತು ಎಂದು ಅವರಿಗೆ ಅರ್ಥವೇ ಆಗುವುದಿಲ್ಲ. ನಮ್ಮ ಮನೆಯ ಮೂರು ವರ್ಷದ ಮಗುವೂ "ನಾನು ಚಳಿ" ಎನ್ನದೆ "ನಂಗೆ ಚಳಿ" ಎನ್ನುತ್ತದೆ. ಹಾಗೆಯೇ "ಉ ಮಿನ್ಯಾ ಯೆಸ್ತ್ ಕ್ನೀಗ" ಎಂದರೆ "ನನ್ನ ಹತ್ತಿರ ಪುಸ್ತಕ ಇದೆ". "ಹ್ಯಾವ್" ಎಂಬ ಕ್ರಿಯಾಪದದ ಗೋಜೇ ಇಲ್ಲ.

ದ್ವಿತೀಯಾ ವಿಭಕ್ತಿಯಲ್ಲೂ ಒಂದು ಸ್ವಾರಸ್ಯವಿದೆ. ಕನ್ನಡದಲ್ಲಿ "ಮನೆ ನೋಡಿದೆ" ಎಂದರೆ ಸರಿ, "ಅನ್ನು" ಬಿಟ್ಟರೂ ನಡೆಯುತ್ತದೆ. "ಅಣ್ಣ ನೋಡಿದೆ" ಎಂದರೆ ನಗೆಪಾಟಲು, "ಅಣ್ಣನನ್ನು" ಎನ್ನಲೇಬೇಕು. ರಷ್ಯನ್ ಪುಲ್ಲಿಂಗದಲ್ಲೂ ಹೀಗೇ. "ಯಾ ವೀಝು ದೋಮ್" (ನನಗೆ ಮನೆ ಕಾಣುತ್ತಿದೆ) ಎಂಬಲ್ಲಿ ಪದ ಬದಲಾಗುವುದಿಲ್ಲ. ಅಣ್ಣನಿಗೆ "ಬ್ರಾತ್" ಎನ್ನುತ್ತಾರೆ, ಆದರೆ ಈ ವಾಕ್ಯಕ್ಕೆ ಬಂದಾಗ "ಯಾ ವೀಝು ಬ್ರಾತ". ಜೀವ ಇದ್ದರೆ ಪ್ರತ್ಯಯ, ಇಲ್ಲದಿದ್ದರೆ ಬೇಡ. ಪಠ್ಯಪುಸ್ತಕ ಇದನ್ನು ದೊಡ್ಡ ನಿಯಮದಂತೆ ವಿವರಿಸುತ್ತದೆ. ನಮಗೆ ಕಿವಿಯಲ್ಲೇ ಇದೆ. (ಸ್ತ್ರೀಲಿಂಗ ಪದಗಳ ದಾರಿ ಬೇರೆ. "ಕ್ನೀಗ" ನಿರ್ಜೀವವಾದರೂ "ಕ್ನೀಗು" ಆಗುತ್ತದೆ.)

ಎಲ್ಲವೂ ಸುಲಭ ಎಂದು ಹೇಳಿ ನಿಮ್ಮನ್ನು ಹಳ್ಳಕ್ಕೆ ಕೆಡವುವುದಿಲ್ಲ! ಲಿಂಗದ ವಿಷಯದಲ್ಲಿ ಕನ್ನಡ ಕೈಕೊಡುತ್ತದೆ. ನಮಗೆ ಮೇಜು, ಪುಸ್ತಕ, ಕಿಟಕಿ ಎಲ್ಲವೂ ನಪುಂಸಕ. ಅಲ್ಲಿ ಮೇಜು (ಸ್ತೋಲ್) ಪುಲ್ಲಿಂಗ, ಪುಸ್ತಕ ಸ್ತ್ರೀಲಿಂಗ, ಕಿಟಕಿ (ಅಕ್ನೋ) ಮಾತ್ರ ನಪುಂಸಕ. "ನಾನು ಓದಿದೆ" ಎಂಬುದನ್ನು ಗಂಡಸರು "ಯಾ ಚಿತಾಲ್", ಹೆಂಗಸರು "ಯಾ ಚಿತಾಲ" ಎನ್ನಬೇಕು. ಹಿಂದಿ ಬಲ್ಲವರಿಗೆ ಇಲ್ಲಿ ಅನುಕೂಲ.

ಸಂಸ್ಕೃತದ ಮಾತೂ ಬರುತ್ತದೆ. ದ್ವಾ (ಎರಡು), ತ್ರಿ (ಮೂರು), ಬ್ರಾತ್, ಮಾತ್ (ತಾಯಿ), ಅಗೋನ್ (ಬೆಂಕಿ) ಎಂದು ಕೇಳಿದರೆ ದ್ವಿ, ತ್ರಿ, ಭ್ರಾತೃ, ಮಾತೃ, ಅಗ್ನಿ ನೆನಪಾಗುತ್ತವೆ. ಇದರಿಂದ ರಷ್ಯನ್ ಸಂಸ್ಕೃತದಿಂದ ಹುಟ್ಟಿತು ಎಂದು ಫಾರ್ವರ್ಡ್ ಮೇಲ್ ಬಂದರೆ ನಂಬಬೇಡಿ. ಎರಡೂ ಇಂಡೋ-ಯುರೋಪಿಯನ್ ಕುಟುಂಬದ ದೂರದ ಸೋದರಿಯರು, ಅಷ್ಟೆ. ಕನ್ನಡ ದ್ರಾವಿಡ ಭಾಷೆ. ಮೇಲೆ ಹೇಳಿದ "ನನಗೆ ಚಳಿ" ಹೋಲಿಕೆಗೆ ರಕ್ತಸಂಬಂಧ ಕಾರಣವಲ್ಲ. ಸಂಬಂಧವಿಲ್ಲದೆಯೂ ಇಷ್ಟು ಹೋಲುತ್ತವೆ ಎಂಬುದೇ ನನಗೆ ಹೆಚ್ಚು ಸೋಜಿಗ.

ಇನ್ನು ಕ್ಲಾಸಿನ ವ್ಯವಸ್ಥೆ. ಮಾಸ್ಕೋ ಜಪಾನಿಗಿಂತ 6 ಗಂಟೆ ಹಿಂದೆ. ಅಲ್ಲಿ ಸಂಜೆ ಆರಾದರೆ ನಮಗೆ ನಡುರಾತ್ರಿ. ವ್ಲಾದಿವೊಸ್ತೋಕ್ ಒಂದೇ ಗಂಟೆ ಮುಂದೆ, ನಮ್ಮ ರಾತ್ರಿ ಎಂಟರ ಕ್ಲಾಸಿಗೆ ಸರಿಹೊಂದುತ್ತದೆ. ಆದರೆ 2022ರ ಮಾರ್ಚ್‌ನಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳು ರಷ್ಯಾದ ವ್ಯವಹಾರ ನಿಲ್ಲಿಸಿದವು. ಆದ್ದರಿಂದ ಶುಲ್ಕ ಕಟ್ಟುವ ದಾರಿ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಜಪಾನಿನಲ್ಲೇ ಇರುವ ಶಿಕ್ಷಕರು, ಇಲ್ಲವೇ ಕಜಕಸ್ತಾನ, ಕಿರ್ಗಿಸ್ತಾನದ ಶಿಕ್ಷಕರು ಸಿಕ್ಕರೆ ಸುಲಭ. ಅಲ್ಲೂ ರಷ್ಯನ್ ಚೆನ್ನಾಗಿ ಬಳಕೆಯಲ್ಲಿದೆ. ಹಣ ಹಾಕುವ ಮುನ್ನ ರುಚಿ ನೋಡಬೇಕೆಂದರೆ ಟೋಕಿಯೋ ವಿದೇಶಿ ಭಾಷಾ ವಿಶ್ವವಿದ್ಯಾಲಯದ ಉಚಿತ ಆನ್‌ಲೈನ್ ಪಾಠಗಳಿವೆ. ಉಚ್ಚಾರಣೆ, ಸಂಭಾಷಣೆ, ವ್ಯಾಕರಣ, ಪದಕೋಶ ಎಂದು ವಿಂಗಡಿಸಿದ್ದಾರೆ. ವಿವರಣೆ ಜಪಾನಿಯಲ್ಲಿರುವುದರಿಂದ ಒಂದೇ ಏಟಿಗೆ ಎರಡು ಅಭ್ಯಾಸ.

ಮೊದಲ ದಿನ ಯಾವ ವಾಕ್ಯ ಕಲಿಯಬೇಕು? ಇದಕ್ಕೆ ಜಪಾನಿನ ಇತಿಹಾಸದಲ್ಲೇ ಉತ್ತರವಿದೆ. ದಾಯ್‌ಕೊಕುಯಾ ಕೊದಾಯು ಎಂಬ ಹಡಗಿನ ನಾಯಕನೂ ಅವನ ಸಂಗಡಿಗರೂ ಬಿರುಗಾಳಿಗೆ ಸಿಕ್ಕಿ, ತಿಂಗಳುಗಟ್ಟಲೆ ತೇಲಿ, 1783ರಲ್ಲಿ ಅಲ್ಯೂಷಿಯನ್ ದ್ವೀಪಗಳ ಅಮ್ಚಿಟ್ಕಾ ಸೇರಿದರು. ಅಲ್ಲಿದ್ದ ರಷ್ಯನ್ನರು ಇವರ ಸಾಮಾನು ತೋರಿಸಿ ಪದೇ ಪದೇ ಒಂದೇ ಮಾತು ಹೇಳುತ್ತಿದ್ದರಂತೆ. "ಇದೇನು?" ಎಂದು ಕೇಳುತ್ತಿರಬೇಕು ಎಂದು ಊಹಿಸಿದ ಇವರು, ಅದೇ ಮಾತನ್ನು ತಿರುಗಿಸಿ ಒಂದೊಂದು ವಸ್ತುವಿಗೂ ಕೇಳುತ್ತಾ ಪದ ಕೂಡಿಹಾಕಿದರು. ನಿಘಂಟಿಲ್ಲ, ಮೇಷ್ಟ್ರಿಲ್ಲ. ಕೊದಾಯು 1791ರಲ್ಲಿ ರಾಣಿ ಕ್ಯಾಥರೀನ್‌ಳನ್ನು ಕಂಡು ಊರಿಗೆ ಮರಳಲು ಅನುಮತಿ ಬೇಡಿದ. 1792ರಲ್ಲಿ ನೆಮುರೊಗೆ ಬಂದಿಳಿದ. ಆ ಪ್ರಶ್ನೆ ಇಂದಿನ ರಷ್ಯನ್‌ನಲ್ಲಿ "ಶ್ತೋ ಏತ?" ಮಕ್ಕಳೊಂದಿಗೆ ಅಡುಗೆಮನೆಯಲ್ಲೇ ಆಡಬಹುದಾದ ಆಟ.

ಕೊನೆಗೆ ಸ್ವಲ್ಪ ಹೋಂವರ್ಕ್. ಮೇಲಿನ ಪದಗಳನ್ನೇ ಬಳಸಿ ರಷ್ಯನ್‌ಗೆ ತನ್ನಿ:

1. ಇದು ಪುಸ್ತಕ ಅಲ್ಲ.
2. ನನಗೆ ಪುಸ್ತಕ ಇಷ್ಟ.
3. ನನಗೆ ಅಣ್ಣ ಇದ್ದಾನೆ.

ಉತ್ತರಗಳು: 1. ಏತ ನಿ ಕ್ನೀಗ. 2. ಮ್ನ್ಯೆ ನ್ರಾವಿತ್ಸ ಕ್ನೀಗ. 3. ಉ ಮಿನ್ಯಾ ಯೆಸ್ತ್ ಬ್ರಾತ್. (ಮೂರನೆಯದಕ್ಕೆ "ಮ್ನ್ಯೆ" ಹಾಕಿದವರು ತಲೆ ಕೆಡಿಸಿಕೊಳ್ಳಬೇಡಿ. ಅಣ್ಣನೂ ಅಲ್ಲಿ ಪುಸ್ತಕದಂತೆ "ನನ್ನ ಹತ್ತಿರ"ವೇ ಇರುತ್ತಾನೆ!)